ಕಾಯ್‌ಷು ಬರಹದ ನಾಲ್ಕು ಶೈಲಿಗಳನ್ನು ಹೋಲಿಸುವುದು ಹೇಗೆ?

ಚೀನೀ ಲಿಪಿಕಲೆಯಲ್ಲಿ ಒಂದೊಂದು ಗೆರೆಯನ್ನೂ ಬಿಡಿಸಿ ನೆಟ್ಟಗೆ ಬರೆಯುವ ಬಗೆಗೆ ಕಾಯ್‌ಷು ಎಂದು ಹೆಸರು. ಅದರ ನಾಲ್ಕು ಹೆಸರಾಂತ ಶೈಲಿಗಳು ಒಯಾಂಗ್, ಯಾನ್, ಲ್ಯೂ, ಝಾವ್ ಎಂಬ ನಾಲ್ವರು ಲಿಪಿಕಾರರವು. ಅವುಗಳನ್ನು ಗುರುತಿಸಿ ಎಂದರೆ ಹೊಸಬರು "ದಪ್ಪಗಿದ್ದರೆ ಯಾನ್, ತೆಳ್ಳಗಿದ್ದರೆ ಲ್ಯೂ" ಎಂದು ಹೇಳಿ ಮುಗಿಸುತ್ತಾರೆ. ಆದರೆ ನಮ್ಮ ಕೈಗೆ ಸಿಗುವುದು ಬಹುಮಟ್ಟಿಗೆ, ನಮ್ಮ ಶಾಸನತಜ್ಞರು ತೆಗೆಯುವಂತೆಯೇ, ಕಲ್ಲಿನ ಮೇಲೆ ಕಾಗದ ಹೊದಿಸಿ ಮಸಿ ತಟ್ಟಿ ತೆಗೆದ ಪಡಿಯಚ್ಚು; ಕಲ್ಲು ಸವೆದರೆ ಗೆರೆ ಸಣ್ಣಗಾಗುತ್ತದೆ, ಮತ್ತೆ ಕೊರೆದರೆ ದಪ್ಪವಾಗುತ್ತದೆ. ಆದ್ದರಿಂದ ದಪ್ಪವನ್ನು ನಂಬಬೇಡಿ.

ಮೊದಲು ಮಾದರಿಗಳನ್ನು ಆರಿಸಿಕೊಳ್ಳಿ. ಒಯಾಂಗ್ ಷ್ಯುನ್‌ಗೆ 632ರ ಜ್ಯುಚೆಂಗ್ ಅರಮನೆಯ ಚಿಲುಮೆಯ ಶಾಸನ, ಲ್ಯೂ ಗೊಂಗ್‌ಚುವಾನ್‌ಗೆ 841ರ ಷ್ವಾನ್‌ಮಿ ಸ್ತೂಪದ ಶಾಸನ ಸಾಕು. ಯಾನ್ ಝೆನ್‌ಚಿಂಗ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅಂಗಡಿಯವರು ಕೊಡುವುದು ಸಾಮಾನ್ಯವಾಗಿ 752ರ ದುವೊಬಾವ್ ಸ್ತೂಪದ ಶಾಸನ. ನಲವತ್ತು ದಾಟಿದ ವಯಸ್ಸಿನಲ್ಲಿ ಬರೆದ ಆ ಅಚ್ಚುಕಟ್ಟಾದ ಬರಹದಲ್ಲಿ ಅವನ ಸ್ವಂತ ಛಾಪು ಇನ್ನೂ ಪೂರ್ತಿ ಮೂಡಿಲ್ಲ. ಎಪ್ಪತ್ತರ ಆಸುಪಾಸಿನಲ್ಲಿ, 779ರಲ್ಲಿ, ತನ್ನ ಮುತ್ತಜ್ಜನಿಗಾಗಿ ಬರೆದ ಯಾನ್ ಚಿನ್‌ಲಿ ಶಾಸನವನ್ನೇ ತೆಗೆದುಕೊಳ್ಳಿ. ಬಹುಕಾಲ ಮಣ್ಣಿನಡಿ ಹೂತಿದ್ದು 1922ರಲ್ಲಿ ಷಿಯಾನ್‌ನಲ್ಲಿ ದೊರೆತದ್ದರಿಂದ ಅದರ ಗೆರೆಗಳ ಅಂಚು ಇನ್ನೂ ಚೂಪಾಗಿದೆ. ಅಂಚುಗಳನ್ನು ಕಂಪ್ಯೂಟರಿನಲ್ಲಿ ನುಣುಪು ಮಾಡಿ ಮುದ್ರಿಸಿದ ಅಗ್ಗದ ಪುಸ್ತಕಗಳನ್ನು ಮುಟ್ಟಲೂಬೇಡಿ.

ಅಕ್ಷರಗಳನ್ನು ಒಂದೇ ಅಳತೆಗೆ ಹಿಗ್ಗಿಸಿ ಪಕ್ಕಪಕ್ಕ ಅಂಟಿಸಿ.

ಎಡವುವುದು ಇನ್ನು ಮುಂದೆ. 'ಬಾಗಿಲು' ಎಂಬರ್ಥದ ಮೆನ್ ಅಕ್ಷರದಂತೆ, ಎರಡು ನಿಲುಗೆರೆಗಳು ಎದುರುಬದುರಾಗಿ ನಿಂತಿರುವ ಅಕ್ಷರವನ್ನು ಹುಡುಕಿ, ಅದರ ಮೇಲೆ ಪಾರದರ್ಶಕ ಕಾಗದವಿಟ್ಟು, ಗೆರೆಗಳ ಮಸಿಯನ್ನು ಮರೆತು, ಅವೆರಡರ ನಡುವಿನ ಖಾಲಿ ಜಾಗವನ್ನಷ್ಟೇ ಪೆನ್ಸಿಲ್‌ನಿಂದ ತಿದ್ದಿ. ಯಾನ್‌ನಲ್ಲಿ ಆ ಜಾಗ ಗುಡಾಣದ ಹೊಟ್ಟೆಯಂತೆ ಹೊರಕ್ಕೆ ಉಬ್ಬಿರುತ್ತದೆ. ಒಯಾಂಗ್‌ನಲ್ಲಿ ಡಮರುವಿನ ನಡುವಿನಂತೆ ಒಳಕ್ಕೆ ಸೆಳೆದುಕೊಂಡಿರುತ್ತದೆ. ಬಾಗು ಕೂದಲೆಳೆಯಷ್ಟೇ ಇರಬಹುದಾದ್ದರಿಂದ ಒಂದು ಅಕ್ಷರ ನೋಡಿ ತೀರ್ಪು ಕೊಡದೆ, ಕನಿಷ್ಠ ಹತ್ತನ್ನಾದರೂ ತಿದ್ದಿ ನೋಡಬೇಕು. ಬಳಿಕ ಅಕ್ಷರದ ಹೊರಗೆರೆಗಳನ್ನು ಮುಟ್ಟುವಂತೆ ಚೌಕಟ್ಟು ಎಳೆಯಿರಿ: ಒಯಾಂಗ್‌ನದು ಹೆಚ್ಚಾಗಿ ಎತ್ತರದ ಆಯತ, ಯಾನ್‌ನದು ಚೌಕ ತುಂಬಿದ ಮೈ. ಲ್ಯೂನಲ್ಲಿ ಗೆರೆಗಳು ನಡುವಿಗೆ ಬಿಗಿಯಾಗಿ ಒತ್ತಿಕೊಂಡು, ಕೈಕಾಲುಗಳು ಮಾತ್ರ ಹೊರಕ್ಕೆ ಚಾಚಿರುತ್ತವೆ. 'ಯಾನ್‌ನ ಸ್ನಾಯು, ಲ್ಯೂನ ಮೂಳೆ' ಎಂಬ ಹಳೆಯ ಚೀನೀ ಮಾತಿನ ಅರ್ಥ ಆಗ ಕಣ್ಣಿಗೇ ಕಾಣುತ್ತದೆ.

ಬಲಕ್ಕೆ ಇಳಿಯುವ ಓರೆಗೆರೆಯ ತುದಿ ಸುಲಭದ ಗುರುತು. ಅಲ್ಲಿ ಹಕ್ಕಿಯ ಬಾಲದಂತೆ ಕಚ್ಚು ಕಂಡರೆ ಅದು ಯಾನ್.

ನಾಲ್ಕನೆಯವನಾದ ಝಾವ್ ಮೆಂಗ್‌ಫುವನ್ನು ನಾನು ಉದ್ದೇಶಪೂರ್ವಕವಾಗಿ ಕೊನೆಗೆ ಇಡುತ್ತೇನೆ. ಅವನ 1316ರ ದಾನ್‌ಬಾ ಬರಹ ಕಾಗದದ ಮೇಲೆ ಮಸಿಯಲ್ಲೇ ಉಳಿದಿರುವುದರಿಂದ, ಒಂದು ಗೆರೆಯಿಂದ ಇನ್ನೊಂದಕ್ಕೆ ಕುಂಚ ದಾಟಿದ ನವಿರಾದ ಎಳೆಗಳೂ ಕಾಣುತ್ತವೆ. ಉಳಿ ಕೊರೆದ ಕಲ್ಲಿನಲ್ಲಿ ಅಂಥ ಎಳೆ ಇಲ್ಲವೆಂದು ಉಳಿದ ಮೂವರನ್ನು ಒರಟರೆಂದು ಕರೆಯುವುದು ಅನ್ಯಾಯ; ಝಾವ್‌ನನ್ನು ಹೋಲಿಸುವಾಗ ಆ ಎಳೆಗಳನ್ನು ಬೆರಳಿನಿಂದ ಮುಚ್ಚಿ, ಅಕ್ಷರದ ಕಟ್ಟನ್ನು ಮಾತ್ರ ನೋಡಿ.