ಎಂಡೋಸ್ಕೋಪಿ ರೂಮಿನಿಂದ ಲ್ಯಾಬಿಗೆ, ಅಲ್ಲಿಂದ ವಾಪಸ್: ನನ್ನ ಅನುಭವ

ನಾನು ಹೊಟ್ಟೆ, ಕರುಳಿನ ಕಾಯಿಲೆಗಳ ಡಾಕ್ಟರ್. ಬೆಳಗ್ಗೆ ಎಂಡೋಸ್ಕೋಪಿ, ಆಮೇಲೆ ಓಪಿಡಿ, ಸಂಜೆ ವಾರ್ಡ್ ರೌಂಡ್ಸ್. ಸಂಶೋಧನೆಯಲ್ಲಿ ನನ್ನ ಪಾಲು ಬಹಳ ದಿನ ಇಷ್ಟೇ ಇತ್ತು: ಬಯಾಪ್ಸಿ ತೆಗೆಯುವಾಗ ಲ್ಯಾಬಿನವರಿಗೂ ಎರಡು ತುಂಡು ಜಾಸ್ತಿ ತೆಗೆದು ಕೊಡುವುದು. ಕೊಟ್ಟ ಮೇಲೆ ಅದು ಏನಾಯಿತು ಅಂತ ನಾನು ಕೇಳುತ್ತಿರಲಿಲ್ಲ. ಅವರೂ ಹೇಳುತ್ತಿರಲಿಲ್ಲ.

ಒಂದು ದಿನ ಲ್ಯಾಬಿನ ವಿಜ್ಞಾನಿ ಒಬ್ಬರು ಕೈಯಲ್ಲಿ ಒಂದು ಪ್ರಿಂಟ್‌ಔಟ್ ಹಿಡಿದುಕೊಂಡು ನನ್ನ ರೂಮಿಗೆ ಬಂದರು. ನಾವು ಕಳಿಸಿದ ಕರುಳಿನ ತುಂಡುಗಳಿಂದ ಆರ್‌ಎನ್‌ಎ ತೆಗೆದಿದ್ದರು. ಜೀವಕೋಶ ಆ ಗಳಿಗೆಯಲ್ಲಿ ಯಾವ ಜೀನುಗಳನ್ನು ಬಳಸುತ್ತಿದೆ ಅಂತ ಹೇಳುವುದೇ ಈ ಆರ್‌ಎನ್‌ಎ. ಅದು ಚೆನ್ನಾಗಿದ್ದರೆ ಗ್ರಾಫಿನಲ್ಲಿ ಎರಡು ಚೂಪಾದ ಶಿಖರ ಕಾಣುತ್ತದೆ. ನಮ್ಮದರಲ್ಲಿ ಶಿಖರವೇ ಇರಲಿಲ್ಲ, ಎಡಗಡೆ ಒಂದು ತಗ್ಗು ದಿಬ್ಬ ಮಾತ್ರ. ಅಂದರೆ ಎಲ್ಲಾ ಚೂರು ಚೂರಾಗಿ ಹೋಗಿದೆ ಅಂತ ಅರ್ಥ.

"ಸಾರ್, ಇದನ್ನ ತೆಗೆದ ಮೇಲೆ ಎಷ್ಟು ಹೊತ್ತು ಹೊರಗೆ ಇಟ್ಟಿದ್ರಿ?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ನಮ್ಮ ಸಿಸ್ಟರ್‌ಗೂ ಗೊತ್ತಿರಲಿಲ್ಲ.

ಮಾರನೆಯ ದಿನ ಬೇಕಂತಲೇ ಗಮನಿಸಿದೆ. ಬೆಳಗ್ಗೆ ಒಂಬತ್ತಕ್ಕೆ ಮೊದಲ ಪೇಷಂಟಿನಿಂದ ತೆಗೆದ ತುಂಡು, ಎರಡು ಮೂರು ಮಿಲಿಮೀಟರ್ ಅಷ್ಟೇ ಇರುತ್ತದೆ ಅದು, ಸಲೈನ್ ಇರುವ ಟ್ಯೂಬಿನಲ್ಲಿ ಟ್ರಾಲಿಯ ಮೂಲೆಯಲ್ಲಿ ಕೂತಿತ್ತು. ಮಧ್ಯಾಹ್ನ ಒಂದು ಗಂಟೆಗೆ ಲಿಸ್ಟ್ ಮುಗಿದ ಮೇಲೆ ಎಲ್ಲಾ ಟ್ಯೂಬುಗಳನ್ನು ಒಟ್ಟಿಗೆ ತೆಗೆದುಕೊಂಡು ಹೋದರು. ಯಾರ ಮೇಲೂ ತಪ್ಪು ಹೊರಿಸುವ ಹಾಗಿಲ್ಲ. ಆ ರೂಮಿನಲ್ಲಿ ಎಲ್ಲರಿಗೂ ಅಭ್ಯಾಸ ಇದ್ದದ್ದು ಫಾರ್ಮಲಿನ್ ಬಾಟಲಿ. ಪ್ಯಾಥಾಲಜಿಗೆ ಹೋಗುವ ತುಂಡನ್ನು ಅದರಲ್ಲಿ ಹಾಕಿದರೆ ಮುಗಿಯಿತು, ಸಂಜೆ ಕಳಿಸಿದರೂ ನಡೆಯುತ್ತದೆ. ಆರ್‌ಎನ್‌ಎ ಹಾಗಲ್ಲ. ಅದನ್ನು ಕತ್ತರಿಸುವ ಕಿಣ್ವಗಳು ಆ ತುಂಡಿನ ಒಳಗೇ ಇರುತ್ತವೆ, ಹೊರಗೆ ತೆಗೆದ ಕೂಡಲೇ ಕೆಲಸ ಶುರು ಮಾಡುತ್ತವೆ.

ಬದಲಾವಣೆ ಚಿಕ್ಕದು. ಆರ್‌ಎನ್‌ಎ ಕೆಡದಂತೆ ಹಿಡಿದಿಡುವ ದ್ರವ ತುಂಬಿದ ಟ್ಯೂಬನ್ನು ಸ್ಕೋಪ್ ಹಾಕುವ ಮೊದಲೇ ಲೇಬಲ್ ಅಂಟಿಸಿ ಇಡುವುದು. ಫೋರ್ಸೆಪ್ಸ್‌ನಿಂದ ತುಂಡು ನೇರವಾಗಿ ಅದಕ್ಕೆ. ತೆಗೆದ ಸಮಯ, ಟ್ಯೂಬಿಗೆ ಬಿದ್ದ ಸಮಯ, ಎರಡನ್ನೂ ಪೆನ್ನಿನಲ್ಲಿ ಬರೆಯುವುದು. ಲ್ಯಾಬಿನ ಟ್ಯೂಬಿಗೆ ನೀಲಿ ಮುಚ್ಚಳ ಇರಲಿ, ಗಡಿಬಿಡಿಯಲ್ಲಿ ಅದಲು ಬದಲು ಆಗಲ್ಲ ಅಂತ ಹೇಳಿದ್ದು ನಮ್ಮ ಸಿಸ್ಟರ್. ಇಷ್ಟು ಮಾಡಿದ ಮೇಲೆ ಶಿಖರಗಳು ಕಾಣತೊಡಗಿದವು.

ಅದಕ್ಕಿಂತ ದೊಡ್ಡ ಬದಲಾವಣೆ ಆಗಿದ್ದು ಆ ವಿಜ್ಞಾನಿಯನ್ನು ಎಂಡೋಸ್ಕೋಪಿ ರೂಮಿಗೇ ಕರೆದಾಗ. ವರ್ಷಗಳಿಂದ ಕರುಳಿನ ತುಂಡುಗಳ ಮೇಲೆ ಕೆಲಸ ಮಾಡಿದವರು, ಆದರೆ ಕಾಯಿಲೆ ಇರುವ ಕರುಳನ್ನು ಒಳಗಿಂದ ನೋಡಿರಲಿಲ್ಲ. ಪೇಷಂಟಿನ ಅನುಮತಿ ಕೇಳಿ, ಮಾನಿಟರ್ ಪಕ್ಕ ನಿಂತರು. ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳು ಊದಿಕೊಂಡು ಹುಣ್ಣಾಗುವ ಕಾಯಿಲೆ) ಇದ್ದ ಕರುಳು, ಕೆಂಪಗೆ ಊದಿಕೊಂಡಿತ್ತು, ಮುಟ್ಟಿದರೆ ರಕ್ತ. ಅವರು ಕೇಳಿದ ಮೊದಲ ಪ್ರಶ್ನೆ: "ನಮಗೆ ಕೊಡೋ ತುಂಡು ಹುಣ್ಣಿನ ನಡುವಿಂದಾನಾ, ಅಂಚಿಂದಾನಾ?" ಅದುವರೆಗೆ ಅದನ್ನು ನಾವು ಬರೆದೇ ಇಡುತ್ತಿರಲಿಲ್ಲ. ಹುಣ್ಣಿನ ನಡುವೆ ಇರುವುದು ಬಹಳಷ್ಟು ಸತ್ತ ಅಂಗಾಂಶ ಮತ್ತು ಕೀವಿನ ಕೋಶಗಳು, ಅಂಚಿನಲ್ಲಿ ಇನ್ನೂ ಬದುಕಿರುವ ಕೋಶಗಳು ಇರುತ್ತವೆ. ಎರಡನ್ನೂ ಒಂದೇ ಹೆಸರಿನಲ್ಲಿ ಸೇರಿಸಿ ಲೆಕ್ಕ ಹಾಕಿದರೆ ಫಲಿತಾಂಶ ಒಂದಕ್ಕೊಂದು ಹೊಂದುವುದು ಹೇಗೆ?

ಲ್ಯಾಬಿನವರೂ ಡಾಕ್ಟರೂ ಹೀಗೆ ಒಟ್ಟಿಗೆ ನೋಡಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ವಿಷಯದಲ್ಲಿ ದೊಡ್ಡ ಉದಾಹರಣೆಯೇ ಇದೆ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಪ್ಯಾಥಾಲಜಿಸ್ಟ್, ಬ್ಯಾರಿ ಮಾರ್ಷಲ್ ಪೇಷಂಟ್ ನೋಡುವ ಡಾಕ್ಟರ್. ಜಠರದ ಬಯಾಪ್ಸಿಯಲ್ಲಿ ವಾರೆನ್‌ಗೆ ಸುರುಳಿ ಆಕಾರದ ಬ್ಯಾಕ್ಟೀರಿಯಾ ಕಾಣುತ್ತಿತ್ತು, ಆದರೆ ಲ್ಯಾಬಿನಲ್ಲಿ ಬೆಳೆಯುತ್ತಿರಲಿಲ್ಲ, ಏಕೆಂದರೆ ಎರಡು ದಿನ ನೋಡಿ ಏನೂ ಬೆಳೆಯದಿದ್ದರೆ ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟನ್ನು ಎಸೆಯುವುದು ರೂಢಿ. 1982ರ ಈಸ್ಟರ್ ರಜೆಯಲ್ಲಿ ಪ್ಲೇಟುಗಳು ಜಾಸ್ತಿ ದಿನ ಉಳಿದವು, ಬ್ಯಾಕ್ಟೀರಿಯಾ ಬೆಳೆಯಿತು. ಜಠರದ ಹುಣ್ಣಿಗೆ ಕಾರಣವಾಗುವ ಅದನ್ನು ಇವತ್ತು ಹೆಲಿಕೋಬ್ಯಾಕ್ಟರ್ ಪೈಲೊರಿ ಅಂತ ಕರೆಯುತ್ತೇವೆ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನನಗೆ ಇದರಲ್ಲಿ ಮುಖ್ಯ ಅನಿಸುವುದು ಆ ರಜೆಯ ಅದೃಷ್ಟಕ್ಕಿಂತ, ಮೈಕ್ರೋಸ್ಕೋಪ್ ನೋಡುವವರೂ ಪೇಷಂಟ್ ನೋಡುವವರೂ ಒಟ್ಟಿಗೆ ಕೆಲಸ ಮಾಡುತ್ತಿದ್ದರು ಅನ್ನೋದು.

ನನ್ನನ್ನು ಪೂರ್ತಿಯಾಗಿ ಈ ಕಡೆ ಎಳೆದದ್ದು ಒಬ್ಬ ಹುಡುಗಿ. ಕಾಲೇಜಿನಲ್ಲಿ ಓದುತ್ತಿದ್ದಳು, ಅಲ್ಸರೇಟಿವ್ ಕೊಲೈಟಿಸ್ ಇತ್ತು. ಸ್ಟಿರಾಯ್ಡ್ ನಿಲ್ಲಿಸಲು ಅಜಥಯೋಪ್ರಿನ್ ಮಾತ್ರೆ ಶುರು ಮಾಡಿದೆ. ಈ ಮಾತ್ರೆ ಕೆಲವರ ಬಿಳಿ ರಕ್ತಕಣಗಳನ್ನು ತೀರಾ ಇಳಿಸಿಬಿಡುತ್ತದೆ, ಅದಕ್ಕೆ ಮಾತ್ರೆಯನ್ನು ದೇಹದಲ್ಲಿ ನಿಷ್ಕ್ರಿಯ ಮಾಡುವ ಟಿಪಿಎಂಟಿ ಅನ್ನುವ ಕಿಣ್ವದ ಟೆಸ್ಟ್ ಮಾಡಿಸಿದ್ದೆ, ನಾರ್ಮಲ್ ಬಂದಿತ್ತು. ಧೈರ್ಯವಾಗಿ ಕೊಟ್ಟೆ. ಮೂರನೇ ವಾರ ಅವಳ ಅಮ್ಮ ಒಂದು ಪ್ಲಾಸ್ಟಿಕ್ ಕವರ್ ತಂದು ನನ್ನ ಮೇಜಿನ ಮೇಲಿಟ್ಟರು. ಅದರ ತುಂಬ ಕೂದಲು. "ಬೆಳಗ್ಗೆ ಬಾಚಿದಾಗ ಇಷ್ಟು ಬಂತು ಡಾಕ್ಟ್ರೇ" ಅಂದರು. ಜ್ವರವೂ ಇತ್ತು. ಬಿಳಿ ರಕ್ತಕಣ 1000ಕ್ಕಿಂತ ಕೆಳಗೆ. ಮಾತ್ರೆ ನಿಲ್ಲಿಸಿ ಕೂಡಲೇ ಅಡ್ಮಿಟ್ ಮಾಡಿದೆವು. ಆ ರಾತ್ರಿಗಳು ನನಗೆ ಇನ್ನೂ ನೆನಪಿವೆ. ಚೇತರಿಸಿಕೊಂಡಳು.

ನಮ್ಮ ವಾರದ ಮೀಟಿಂಗಿನಲ್ಲಿ ಈ ಕೇಸ್ ಹೇಳಿದೆ. ಟಿಪಿಎಂಟಿ ಸರಿ ಇದ್ದೂ ಹೀಗೇಕೆ? ವಿಜ್ಞಾನಿ ಕೇಳಿದರು: "ಕೂದಲು ಉದುರಿದ್ದು ಮೊದಲಾ, ಕಣ ಇಳಿದದ್ದು ಮೊದಲಾ?" ನಾನು ಕೇಸ್ ಶೀಟಿನಲ್ಲಿ ಕೂದಲಿನ ಬಗ್ಗೆ ಒಂದು ಪದವನ್ನೂ ಬರೆದಿರಲಿಲ್ಲ, ಆ ಕವರ್ ನೆನಪಿದ್ದದ್ದರಿಂದ ಹೇಳಿದೆ. ಅವರು ಆಗ ಎನ್‌ಯುಡಿಟಿ15 ಜೀನಿನ ಹೆಸರು ತೆಗೆದರು. 2014ರಲ್ಲಿ ಕೊರಿಯಾದ ಸಂಶೋಧಕರು ಇದೇ ಮಾತ್ರೆಯಿಂದ ಬಿಳಿ ಕಣ ಇಳಿದ ಪೇಷಂಟುಗಳಲ್ಲಿ ಈ ಜೀನಿನ ಬದಲಾವಣೆ ತೋರಿಸಿದ್ದರು. ಟಿಪಿಎಂಟಿ ತೊಂದರೆ ಯುರೋಪಿನ ಮೂಲದವರಲ್ಲಿ ಹೆಚ್ಚು, ಇದು ಏಷ್ಯಾದವರಲ್ಲಿ ಹೆಚ್ಚು. ಮಾತ್ರೆ ದೇಹದಲ್ಲಿ ಕೊನೆಗೆ ಯಾವ ರೂಪದಲ್ಲಿ ಡಿಎನ್‌ಎ ಒಳಗೆ ಸೇರಿಕೊಂಡು ಕೋಶವನ್ನು ಕೊಲ್ಲುತ್ತದೋ, ಆ ರೂಪವನ್ನು ನಿಷ್ಕ್ರಿಯ ಮಾಡುವುದು ಈ ಜೀನಿನಿಂದ ತಯಾರಾಗುವ ಕಿಣ್ವದ ಕೆಲಸ. ಅದು ಕೆಲಸ ಮಾಡದಿದ್ದರೆ ಸಾಮಾನ್ಯ ಡೋಸೇ ವಿಷ. ತಂದೆ ತಾಯಿ ಇಬ್ಬರಿಂದಲೂ ಈ ಜೀನಿನ ಬದಲಾದ ಪ್ರತಿ ಬಂದಿದ್ದರೆ ಕೆಲವೇ ವಾರಗಳಲ್ಲಿ ಕೂದಲು ಹಿಡಿ ಹಿಡಿಯಾಗಿ ಉದುರುತ್ತದೆ.

ಅವಳ ರಕ್ತ ನಮ್ಮ ಮೈನಸ್ 80 ಡಿಗ್ರಿ ಫ್ರೀಜರಿನಲ್ಲಿತ್ತು, ಬೇರೆ ಅಧ್ಯಯನಕ್ಕೆ ಒಪ್ಪಿಗೆ ಕೊಟ್ಟು ಕೊಟ್ಟದ್ದು. ತೆಗೆದು ಟೆಸ್ಟ್ ಮಾಡಿಬಿಡೋಣ ಅಂತ ಕೈ ತುರಿಸಿತು. ಆದರೆ ಒಪ್ಪಿಗೆ ಪತ್ರ ತೆಗೆದು ಓದಿದರೆ, ಜೀನ್ ಟೆಸ್ಟ್ ಬಗ್ಗೆಯಾಗಲಿ, ಏನಾದರೂ ಸಿಕ್ಕರೆ ಪೇಷಂಟಿಗೆ ತಿಳಿಸುವ ಬಗ್ಗೆಯಾಗಲಿ ಒಂದು ಸಾಲೂ ಇರಲಿಲ್ಲ. ಅವಳನ್ನೇ ಕರೆದು, ಅಮ್ಮನ ಎದುರು ಕೂರಿಸಿ ವಿವರಿಸಿ, ಹೊಸದಾಗಿ ಸಹಿ ತೆಗೆದುಕೊಂಡೆವು. ಟೆಸ್ಟ್ ಮಾಡಿದಾಗ ಆ ಜೀನಿನ ಎರಡೂ ಪ್ರತಿ ಬದಲಾಗಿದ್ದವು.

ಅಷ್ಟಕ್ಕೇ ಕೇಸ್ ಶೀಟಿನಲ್ಲಿ ಬರೆಯಲಿಲ್ಲ. ಸಂಶೋಧನೆಯ ಲ್ಯಾಬಿನ ಫಲಿತಾಂಶದ ಮೇಲೆ ನೇರವಾಗಿ ಚಿಕಿತ್ಸೆ ನಿರ್ಧಾರ ಮಾಡಬಾರದು. ಅಲ್ಲಿ ಟ್ಯೂಬಿಗೆ ನಂಬರ್ ಮಾತ್ರ ಇರುತ್ತದೆ, ಎಲ್ಲೋ ಒಂದು ಕಡೆ ಅದಲು ಬದಲಾದರೂ ಇನ್ನೊಬ್ಬರ ಫಲಿತಾಂಶ ಇವಳ ಹೆಸರಿಗೆ ಬರುತ್ತದೆ. ಹೊಸ ರಕ್ತ ತೆಗೆದು, ರೋಗಿಗಳ ಟೆಸ್ಟ್ ಮಾಡಲು ಮಾನ್ಯತೆ ಇರುವ ಲ್ಯಾಬಿಗೆ ಕಳಿಸಿದೆವು. ಅದೇ ಉತ್ತರ ಬಂತು.

ಆಮೇಲೆ ಕಷ್ಟದ ಪ್ರಶ್ನೆ. ಫ್ರೀಜರಿನಲ್ಲಿ ಇನ್ನೂ ಎಷ್ಟೋ ಜನರ ರಕ್ತ ಇದೆ, ಅದರಲ್ಲಿ ಕೆಲವರು ಇದೇ ಮಾತ್ರೆ ತೆಗೆದುಕೊಳ್ಳುತ್ತಿರಬಹುದು ಅಥವಾ ಮುಂದೆ ತೆಗೆದುಕೊಳ್ಳಬಹುದು. ಅವರಿಗೆ ಫೋನ್ ಮಾಡಿ ಹೇಳಬೇಕಾ? ಸಂಶೋಧನೆಯ ಸರಿ ತಪ್ಪು ನೋಡುವ ಎಥಿಕ್ಸ್ ಕಮಿಟಿ ಮುಂದೆ ಹೋದೆವು. ಅವರ ಸದಸ್ಯರಲ್ಲಿ ವೈದ್ಯರಲ್ಲದ ಒಬ್ಬ ಹಿರಿಯರು ಕೇಳಿದ್ದು ನನಗೆ ಇಷ್ಟವಾಯಿತು: "ಫೋನ್ ಬಂದ ದಿನ ಆ ಮನೆಯವರು ಎಷ್ಟು ಹೆದರುತ್ತಾರೆ ಯೋಚಿಸಿದ್ದೀರಾ?" ಯೋಚಿಸಿರಲಿಲ್ಲ. ಫೋನಿನಲ್ಲಿ ಫಲಿತಾಂಶ ಹೇಳಬಾರದು, ಮೊದಲು ಅವರಿಗೆ ತಿಳಿಯುವ ಇಷ್ಟ ಇದೆಯಾ ಕೇಳಬೇಕು, ಬೇಡ ಅಂದರೆ ಅಲ್ಲಿಗೇ ಬಿಡಬೇಕು ಅಂತ ತೀರ್ಮಾನ ಆಯಿತು. ಒಪ್ಪಿಗೆ ಪತ್ರವನ್ನೂ ತಿದ್ದಿದೆವು, ಈಗ "ನಿಮ್ಮ ಆರೋಗ್ಯಕ್ಕೆ ಮುಖ್ಯವಾದದ್ದು ಸಿಕ್ಕರೆ ನಿಮಗೆ ತಿಳಿಸಬೇಕೆ?" ಅಂತ ಬೇರೆಯಾಗಿ ಕೇಳುತ್ತೇವೆ.

ಈಗ ನಾನು ಅಜಥಯೋಪ್ರಿನ್ ಶುರು ಮಾಡುವ ಮೊದಲು ಎರಡೂ ಜೀನ್ ಟೆಸ್ಟ್ ನೋಡುತ್ತೇನೆ. ಟೆಸ್ಟ್ ಸರಿ ಬಂದರೂ ರಕ್ತಕಣದ ಲೆಕ್ಕ ಪದೇ ಪದೇ ನೋಡುವುದನ್ನು ಬಿಡುವಂತಿಲ್ಲ, ಕಣ ಇಳಿಯಲು ಬೇರೆ ಕಾರಣಗಳೂ ಇವೆ. ವಾರದ ಮೀಟಿಂಗ್ ನಡೆಯುತ್ತಲೇ ಇದೆ. ಸ್ಲೈಡ್ ಇಲ್ಲ. ಒಬ್ಬ ಪೇಷಂಟ್, ಒಂದು ಪ್ರಶ್ನೆ, ಆಮೇಲೆ ಲ್ಯಾಬಿನವರು ನನ್ನನ್ನು ಕೇಳುವ ಪ್ರಶ್ನೆಗಳು. ಅವರ ಪ್ರಶ್ನೆಗಳಿಂದ ನನ್ನ ಕೇಸ್ ಶೀಟ್ ಬರೆಯುವ ರೀತಿಯೇ ಬದಲಾಗಿದೆ.

ಆ ಹುಡುಗಿ ಈಗ ಬೇರೆ ಔಷಧದ ಮೇಲೆ ಚೆನ್ನಾಗಿದ್ದಾಳೆ, ಕೂದಲೂ ಬಂದಿದೆ. ಮೊನ್ನೆ ಫಾಲೋಅಪ್‌ಗೆ ಬಂದಾಗ ಕೇಳಿದಳು: "ನನ್ನ ತಮ್ಮನಿಗೂ ಹೀಗೇ ಇರಬಹುದಾ ಡಾಕ್ಟ್ರೇ?" ಇರಬಹುದು, ತಂದೆ ತಾಯಿ ಇಬ್ಬರಲ್ಲೂ ಒಂದೊಂದು ಬದಲಾದ ಪ್ರತಿ ಇದ್ದರೆ ನಾಲ್ಕರಲ್ಲಿ ಒಂದು ಸಾಧ್ಯತೆ, ಆದರೆ ಈ ಗುಂಪಿನ ಮಾತ್ರೆ ತೆಗೆದುಕೊಳ್ಳದಿದ್ದರೆ ಅದರಿಂದ ಅವನಿಗೆ ಏನೂ ತೊಂದರೆ ಇಲ್ಲ ಅಂದೆ. ಅವಳ ಪರ್ಸಿನಲ್ಲಿ ನಾವು ಬರೆದುಕೊಟ್ಟ ಚೀಟಿ ಇದೆ, ಅಜಥಯೋಪ್ರಿನ್ ಮತ್ತು ಅದೇ ಗುಂಪಿನ ಮರ್‌ಕ್ಯಾಪ್ಟೋಪ್ಯೂರಿನ್ ಸಾಮಾನ್ಯ ಡೋಸ್‌ನಲ್ಲಿ ಕೊಡಬಾರದು ಅಂತ. ಅದನ್ನು ತೆಗೆದು ತೋರಿಸಿ, ತಮ್ಮನಿಗೂ ಒಂದು ಟೆಸ್ಟ್ ಮಾಡಿಸೋಣ ಅಂದಳು.