ಹುಡುಗನ ತಾಟು ಅಷ್ಟ ಬ್ಯಾರೆ ಮಾಡಬ್ಯಾಡ್ರಿ

ಈಗಿನ ಮನಿಗಳೊಳಗ ಒಂದು ಹೊಸಾ ರೂಢಿ ಬಂದದ. ನೋಡಿದ್ರ ಸಿಟ್ಟು ತಡಕೊಳ್ಳೋದು ಆಗಂಗಿಲ್ಲ. ಹುಡುಗಗ ತುಸು ಮೈ ಬಂತು ಅನ್ನೋದ ತಡ, ಅಪ್ಪ ಅವ್ವ ತುಪ್ಪ ಹಚ್ಚಿದ ಚಪಾತಿ ಉಣಕೋತ ಕೂತಿರ್ತಾರ, ಆ ಕೂಸಿನ ಮುಂದ ಮಾತ್ರ ಕುದಿಸಿದ ಗಜ್ಜರಿ, ಎಣಿಸಿ ಇಟ್ಟ ಒಂದ ರೊಟ್ಟಿ. ಕಪಾಟಿನ್ಯಾಗ ಚೂಡಾ, ಶೇವು, ಬಿಸ್ಕಿಟು ಹಂಗ ಇರ್ತಾವ. "ಅದು ನಿನಗಲ್ಲೋ, ಬಂದವರಿಗೆ" ಅಂತಾರ. ಹಿಂಗ ಮಾಡಿದ್ರ ಹುಡುಗ ತೆಳ್ಳಗ ಆಗಂಗಿಲ್ಲ, ಕದ್ದು ತಿನ್ನೋದು ಕಲೀತಾನ.

ಬೆಳೆಯೋ ಕೂಸಿಗೆ ಉಪವಾಸ ಕೆಡವಬಾರದು. ದೊಡ್ಡವರಂಗ ಕಿಲೋಗಟ್ಟಲೆ ಇಳಿಸೋ ಹಟ ಬ್ಯಾಡ. ಬಹಳಷ್ಟು ಮಕ್ಕಳಿಗೆ ತೂಕ ಇದ್ದಲ್ಲೇ ನಿಂತ್ರ ಸಾಕು, ಎತ್ತರ ಏರಿದಂಗ ಮೈ ತಾನಾಗೇ ಹೊಂದ್ತದ. ಅದಕ್ಕ ದಿನಾ ತೂಕದ ಯಂತ್ರದ ಮ್ಯಾಲ ನಿಲ್ಲಸಬ್ಯಾಡ್ರಿ. ತಿಂಗಳಿಗೊಮ್ಮೆ, ಮುಂಜಾನೆ ಬರಿಹೊಟ್ಟಿಲೆ ತೂಕ ನೋಡ್ರಿ. ಬಾಗಲದ ಚೌಕಟ್ಟಿಗೆ ಪೆನ್ಸಿಲ್‌ಲೆ ಎತ್ತರದ ಗೆರಿ ಹಾಕ್ರಿ. ಎರಡೂ ಒಂದ ವಹಿಯೊಳಗ ಬರೀರಿ. ತೂಕ ಒಂದ ನೋಡಿ ದಪ್ಪ-ತೆಳ್ಳಗ ಅಂತ ತೀರ್ಮಾನ ಮಾಡೋದು ತಪ್ಪು. ೫ರಿಂದ ೧೮ ವರ್ಷದ ಮಕ್ಕಳಿಗಂತ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಅನ್ನೋ ಮಕ್ಕಳ ಡಾಕ್ಟರ ಸಂಘದವರು ೨೦೧೫ರಾಗ ಬೆಳವಣಿಗಿ ನಕ್ಷೆ ಮಾಡ್ಯಾರ. ಮಕ್ಕಳ ಡಾಕ್ಟರ ಕಡೆ ಅದು ಇರ್ತದ. ವಯಸ್ಸು, ಗಂಡೋ ಹೆಣ್ಣೋ, ಎತ್ತರ, ತೂಕ ಎಲ್ಲಾ ಹೊಂದಿಸಿ ಅವರ ಹೇಳಬೇಕು, ಓಣಿ ಮಂದಿ ಅಲ್ಲ.

ಇನ್ನ ಊಟಕ್ಕ ಬರೋಣು. ನಾ ಹೇಳೋದು ಒಂದ: ರೊಟ್ಟಿಕಿಂತ ಮೊದಲ ಪಚಡಿ, ಅಂದ್ರ ಹಸೀ ತೊಪ್ಪಲ, ಕಾಯಿಪಲ್ಲೆ ಹೆಚ್ಚಿ ಕಲಸಿದ್ದು. ಅದೂ ಮನಿಮಂದಿಗೆಲ್ಲಾ, ಅಜ್ಜನ ತಾಟಿಗೂ. ರೊಟ್ಟಿ ಬುಟ್ಟಿ, ಅನ್ನದ ಬೋಗಾಣಿ ಒಳಗ ಇರಲಿ. ಮೊದಲ ಒಂದ ದೊಡ್ಡ ವಾಟಿ ಪಚಡಿ ಮುಂದ ಬರಲಿ. ಅದನ್ನ ಅಗಿದು ತಿನ್ನಲಿಕ್ಕೆ ಹತ್ತು ನಿಮಿಷ ಹಿಡೀತದ. ಹೊಟ್ಟಿ ತುಂಬಿದ ಸುದ್ದಿ ತಲಿಗೆ ಮುಟ್ಟಲಿಕ್ಕೂ ತುಸು ಹೊತ್ತು ಬೇಕಲ್ಲ. ಆಮ್ಯಾಲ ಹುಡುಗ ಎಷ್ಟು ಕೇಳ್ತಾನ ಅಷ್ಟು ರೊಟ್ಟಿ ಕೊಡ್ರಿ, ಎಣಿಸಬ್ಯಾಡ್ರಿ. ಮೂರು ಉಣ್ಣವ ತಾನ ಎರಡಕ್ಕ ಕೈ ತೊಳೀತಾನ.

"ಪಚಡಿ ಮಾಡಿದ್ವಿ, ಹುಡುಗ ಮುಟ್ಟಲಿಲ್ಲ" ಅಂತೀರಿ. ಮುಟ್ಟಂಗ ಮಾಡಿದ್ರ ತಾನ ಮುಟ್ಟೋದು? ಹಕ್ಕರಕಿ ತೊಪ್ಪಲ, ಎಳೀ ಮೆಂತೆಪಲ್ಲೆ ತಂದ್ರ ಉಪ್ಪು ನೀರಾಗ ಒಂದು ಗಳಿಗಿ ಬಿಟ್ಟು, ಮತ್ತ ಎರಡು ಸಲ ಬ್ಯಾರೆ ನೀರಾಗ ತೊಳೀರಿ. ಒಂದ ಹರಳು ಮಣ್ಣು ಹಲ್ಲಿಗೆ ಸಿಕ್ರ ಆ ಕೂಸು ಆರು ತಿಂಗಳು ಅದರ ಕಡೆ ನೋಡಂಗಿಲ್ಲ. ಬಿಳೀ ಅರಿವಿ ಮ್ಯಾಲ ಹರವಿ ನೀರು ಆರಿಸಿ, ಕೈಲೆ ಹರೀರಿ. ಇಳಗಿ ಮಣಿ ಮ್ಯಾಲ ಹೆಚ್ಚಿದ್ರ ಮೆಂತೆ ಕಹಿ ಆಗ್ತದ. ಸವತಿಕಾಯಿ ತುದಿ ಕತ್ತರಿಸಿ ರುಚಿ ನೋಡ್ರಿ, ಕಹಿ ಇದ್ರ ಅದನ್ನ ಬಿಡ್ರಿ. ಗಜ್ಜರಿ ತುರೀಬ್ಯಾಡ್ರಿ, ಬೆರಳಿನಂಗ ಉದ್ದಕ ಹೆಚ್ರಿ. ತುರಿದದ್ದು ನುಂಗಿಬಿಡ್ತಾರ, ಹೆಚ್ಚಿದ್ದು ಅಗೀಬೇಕಾಗ್ತದ. ಮೂಲಂಗಿ ಎಳೀದ ಇರಲಿ. ಉಳ್ಳಾಗಡ್ಡಿ ಹೆಚ್ಚಿ ಒಮ್ಮೆ ತಣ್ಣೀರಾಗ ಅದ್ದಿ ತಗದ್ರ ಅದರ ಘಾಟು ಇಳೀತದ.

ಮ್ಯಾಲ ಒಂದು ಮುಷ್ಟಿ ಮೊಳಕಿ ಮಡಿಕಿಕಾಳು. ರಾತ್ರಿ ನೆನಿಹಾಕಿ, ಮುಂಜಾನೆ ಬಸಿದು, ಒದ್ದಿ ಅರಿವಿಯೊಳಗ ಸಡ್ಲ ಗಂಟು ಕಟ್ರಿ. ಬ್ಯಾಸಗಿಯೊಳಗ ಸಂಜಿ ಅನ್ನೋದ್ರೊಳಗ ಮೊಳಕಿ ಬರ್ತದ, ಥಂಡಿ ದಿನದಾಗ ಒಂದೂವರಿ ದಿನ ಬೇಕು. ಗಂಟು ಬಿಗಿ ಆದ್ರ ಒಳಗ ಕಾವು ಹಿಡದು ಜಿಗಟ ಆಗ್ತದ, ವಾಸನಿ ಬಂದ್ರ ಚೆಲ್ರಿ. ಸಣ್ಣ ಮಕ್ಕಳಿಗೆ ಹಸೀದು ಬ್ಯಾಡ, ಉಗಿಯೊಳಗ ಐದು ನಿಮಿಷ ಇಟ್ಟು ಆರಿಸಿ ಹಾಕ್ರಿ.

ಉಪ್ಪು, ಲಿಂಬಿಹುಳಿ ಕಡಿಗೆ, ತಾಟಿಗೆ ಹಾಕೋ ಹೊತ್ತಿಗೆ. ಮೊದಲ ಹಾಕಿದ್ರ ನೀರು ಬಿಟ್ಟು ಎಲ್ಲಾ ಜೋತು ಬೀಳ್ತದ. ಗುರೆಳ್ಳ ಹಿಂಡಿ (ಚಟ್ನಿಪುಡಿ) ಇಲ್ಲಾ ಅಗಸಿ ಹಿಂಡಿ ಒಂದ ಚಮಚಿ ಉದುರಿಸಿ, ಎರಡು ಚಮಚಿ ಗಟ್ಟಿ ಮೊಸರು ಹಾಕಿ ಕಲಸ್ರಿ. ಶೇಂಗಾಪುಡಿ ಮುಷ್ಟಿಗಟ್ಟಲೆ ಸುರದು, ಮ್ಯಾಲ ಎಣ್ಣಿ ಒಗ್ಗರಣಿ ಕೊಡೋರು ಇದ್ದಾರ. ಶೇಂಗಾದಾಗ ತೂಕದ ಅರ್ಧದ ಹತ್ತಿರ ಎಣ್ಣಿನ ಇರ್ತದ, ಮಾಡಿದ್ದೆಲ್ಲ ಹೊಳಿಯಾಗ ಹುಣಸಿಹಣ್ಣು ತೊಳದಂಗ ಆಗ್ತದ. ಹುಡುಗ ಮೊದಲ ದಿನ ಬಿಟ್ರ ಬೈಬ್ಯಾಡ್ರಿ. ತಾಟಿನ ಅಂಚಿಗೆ ಚಿಟಿಕಿಯಷ್ಟು ಇಡ್ರಿ, ನೀವು ತಿನ್ರಿ. ಹತ್ತು-ಹದಿನೈದು ಸಲ ಮುಂದ ಬಂದ ಮ್ಯಾಲ ನಾಲಿಗಿ ಒಗ್ತದ. ಮೊದಲ ಹೊಲದಾಗ ಬುತ್ತಿ ಬಿಚ್ಚಿದ್ರ, ಬದುವಿನ ಹಕ್ಕರಕಿ ಕಿತ್ತು ಜಾಡಿಸಿ, ಉಳ್ಳಾಗಡ್ಡಿ ಮುಷ್ಟಿಲೆ ಗುದ್ದಿ, ಮಕ್ಕಳೂ ರೊಟ್ಟಿ ಜೋಡಿ ಕಡೀತಿದ್ವು. ಯಾರೂ ಅವಕ್ಕ "ತಿನ್ನಪಾ, ಛಲೋ ಅದ" ಅಂತ ಪೂಸಿ ಹೊಡೀತಿರಲಿಲ್ಲ.

ರೊಟ್ಟಿ ಮಾತು ಬಂತಂತ ಹೇಳ್ತೀನಿ, ಹಿಟ್ಟು ಹತ್ತು ಕಿಲೋ ಒಮ್ಮೆಲೆ ಗಿರಣಿಗೆ ಹಾಕಿಸಿ ಡಬ್ಬಿ ತುಂಬಿಡಬ್ಯಾಡ್ರಿ. ಜ್ವಾಳದ ಹಿಟ್ಟು ಹಳೇದಾದಂಗ ಜಿಗಿ ಹೋಗ್ತದ, ಬಡಿಯೋವಾಗ ಅಂಚು ಸೀಳ್ತದ. ಆಮ್ಯಾಲ "ರೊಟ್ಟಿ ಬರಂಗಿಲ್ಲ" ಅಂತ ದಿನಾ ಮೈದಾ ಬ್ರೆಡ್ಡು ತರ್ತೀರಿ. ವಾರಕ್ಕ ಬೇಕಾಗೋವಷ್ಟ ಬೀಸಿಸ್ರಿ.

ಕುಡಿಯೋದ್ರಾಗ ನೀರು, ಮಜ್ಜಿಗಿ, ಅಷ್ಟ. ಬಾಟ್ಲಿ ತಂಪು ಪಾನೀಯ ೨೫೦ ಮಿಲಿ ಕುಡದ್ರ ಸುಮಾರು ೨೫ ಗ್ರಾಂ ಸಕ್ಕರಿ, ಅಂದ್ರ ಐದು ಚಮಚಿ ಹೊಟ್ಟಿಗೆ ಹೋತು. ಹೊಟ್ಟಿನೂ ತುಂಬಂಗಿಲ್ಲ. ಹಣ್ಣಿನ ರಸಾನೂ ಬ್ಯಾಡ, ಹಣ್ಣ ಕೊಡ್ರಿ, ಪ್ಯಾರಲಹಣ್ಣು ಇದ್ರ ಬೀಜ ಸೈತ. ಚಹಾ-ಬಿಸ್ಕಿಟು ಸಾಲಿಗೆ ಹೋಗೋ ಮಕ್ಕಳಿಗೆ ನ್ಯಾರಿ ಅಲ್ಲ. ಕರದದ್ದು ವಾರಕ್ಕೊಮ್ಮೆ ಸಾಕು. ಅಮೀನಗಡದ ಕರದಂಟು, ಬೆಳಗಾವಿ ಕುಂದಾ ಯಾರರ ತಂದ್ರ ಆವತ್ತ ಎಲ್ಲಾರೂ ಹಂಚಕೊಂಡು ತಿಂದು ಮುಗಸ್ರಿ. ಡಬ್ಬಿಯೊಳಗ ಮುಚ್ಚಿಟ್ಟು, "ಲೆಕ್ಕ ಮಾಡಿದ್ರ ಒಂದ ಚೂರು ಕೊಡ್ತೀನಿ" ಅನ್ನೋದು ಬಿಡ್ರಿ. ಸಿಹಿ ಬಕ್ಷೀಸ ಆದ್ರ ಕೂಸಿಗೆ ಅದರ ಮ್ಯಾಲ ಆಶಾ ಇಮ್ಮಡಿ ಆಗ್ತದ.

ಟಿವಿ, ಮೊಬೈಲ ಮುಂದ ಉಣ್ಣೋದು ನಿಲ್ಲಸ್ರಿ. ಅಪ್ಪನ ಫೋನೂ ಸೈತ. ಕಣ್ಣು ಆ ಕಡೆ ಇದ್ರ ಕೈಗೆ ಲೆಕ್ಕ ಇರಂಗಿಲ್ಲ.

ಆಟ ದಿನಕ್ಕ ೬೦ ನಿಮಿಷ, ಉಸುರು ಏರೋವಷ್ಟು ಇರಬೇಕು. ಒಮ್ಮೆಲೆ ಬ್ಯಾಡ, ಮೊದಲ ವಾರ ಹದಿನೈದು ನಿಮಿಷದಿಂದ ಸುರು ಮಾಡ್ರಿ, ಇಲ್ಲಾಂದ್ರ ಮೊಣಕಾಲು ನೋವು ಅಂತ ಕೂತ ಬಿಡ್ತಾರ. ನಮ್ಮ ವಿಜಯಪುರದ ಬಿಸಲಿಗೆ ಬ್ಯಾಸಗಿಯೊಳಗ ಮುಂಜಾನೆ ಲಗೂ, ಇಲ್ಲಾ ಹೊತ್ತು ಮುಣಗೋ ಹೊತ್ತಿಗೆ ಆಡಸ್ರಿ. ಲಗೋರಿ, ಖೋಖೋ, ಸೈಕಲ್ಲು, ಯಾವದರ ಆಗಲಿ, ಸೋತು ನಗಸಾಟಕ್ಕ ಗುರಿ ಆಗೋ ಆಟ ಮೊದಲ ಬ್ಯಾಡ. ರವಿವಾರ ಗೋಳಗುಮ್ಮಟಕ್ಕ ಕರಕೊಂಡು ಹೋಗ್ರಿ. ನಾಕೂ ಮೂಲಿಗೆ ಏಳಂತಸ್ತಿನ ಮಿನಾರ ಅವ. ಮೆಟ್ಟಲ ಏರಿ ಪಿಸುಮಾತಿನ ಗ್ಯಾಲರಿಗೆ ಹೋಗಿ ಕೂಗಿ ಬಂದ್ರ ವ್ಯಾಯಾಮ ಅಂತ ಹೆಸರು ಹೇಳೋದು ಬೇಕಾಗಂಗಿಲ್ಲ. ನೀವೂ ಏರ್ರಿ, ಕೆಳಗ ಕೂತು ಚುರಮುರಿ ತಿನ್ನಬ್ಯಾಡ್ರಿ.

೬ರಿಂದ ೧೨ ವರ್ಷದ ಮಕ್ಕಳಿಗೆ ೯ ತಾಸಾದ್ರೂ ನಿದ್ದಿ ಬೇಕು. ನಿದ್ದಿ ಕಡಿಮಿ ಆದ ಮರುದಿನ ಹಸಿವು ಹೆಚ್ಚು, ಅದೂ ಸಿಹಿ ಮ್ಯಾಲ. "ಡುಮ್ಮ" ಅನ್ನೋ ಹೆಸರು ಮನಿಯೊಳಗ ಯಾರ ಬಾಯಿಂದನೂ ಬರಬಾರದು, ಬಂದ ಬೀಗರು ಅಂದ್ರೂ ಅಲ್ಲೇ ತಡೀರಿ. ಆ ಮಾತು ಕೇಳಿದ ಕೂಸು ಹೊರಗ ಆಡಲಿಕ್ಕೆ ಹೋಗಂಗಿಲ್ಲ, ಮೂಲ್ಯಾಗ ಕೂತು ತಿಂತದ.

ರಾತ್ರಿ ಜೋರು ಗೊರಕಿ ಹೊಡದು ನಡುವ ಉಸುರು ನಿಂತಂಗ ಆದ್ರ, ಪದೇ ಪದೇ ನೀರಡಿಕಿ, ಉಚ್ಚಿ ಹೆಚ್ಚಾದ್ರ, ಕುಂಟಿದ್ರ, ಇಲ್ಲಾ ಎತ್ತರ ನಿಂತು ತೂಕ ಅಷ್ಟ ಏರಿದ್ರ ಡಾಕ್ಟರ ಕಡೆ ಹೋಗೋದು ತಡ ಮಾಡಬ್ಯಾಡ್ರಿ. ಕುತ್ತಿಗಿ ಹಿಂದ, ಬಗಲಾಗ ಮಖಮಲ್ಲಿನಂಗ ದಪ್ಪಗ ಕಪ್ಪು ಆಗಿದ್ರನೂ ತೋರಸ್ರಿ. ಎಷ್ಟೋ ಮಂದಿ ಅದನ್ನ ಹೊಲಸು ಅಂತ ತಿಳಕೊಂಡು ಕಲ್ಲಿಲೆ ತಿಕ್ಕಿ ತಿಕ್ಕಿ ಕೂಸಿನ ಚರ್ಮ ಸುಲೀತಾರ. ಅದು ಹೊಲಸಲ್ಲ, ಮೈಯೊಳಗ ಇನ್ಸುಲಿನ್ ಸರಿಯಾಗಿ ಕೆಲಸ ಮಾಡವಲ್ದು ಅನ್ನೋದರ ಗುರುತು ಇರಬಹುದು. ಕಲ್ಲು ಕೆಳಗಿಟ್ಟು, ತೂಕ ಬರದ ವಹಿ ತಗೊಂಡು ದವಾಖಾನಿಗೆ ಹೋಗ್ರಿ.