ಹೆಡ್‌ಫೋನ್ ಕಿವಿಗೆ ಹೋಗುವ ಮೊದಲು ಮೀಟರ್‌ಗೆ ಹೋಗಲಿ

ಅಪ್ಪನ ಮೈಕ್‌ಸೆಟ್ ಅಂಗಡಿ ಈಗಿಲ್ಲ. ಅವರು ರೆಕಾರ್ಡ್ ಮಾಡಿಟ್ಟ ಇನ್ನೂರಕ್ಕೂ ಹೆಚ್ಚು ಕ್ಯಾಸೆಟ್‌ಗಳು ದಾವಣಗೆರೆಯ ನಮ್ಮ ಮನೆಯ ಅಟ್ಟದ ಮೇಲೆ ಉಳಿದಿವೆ. ಕಂಪನಿ ನಾಟಕಗಳು, ದುರ್ಗಾಂಬಿಕಾ ಜಾತ್ರೆಯ ರಾತ್ರಿಯ ಭಜನೆ, ಮದುವೆ ಮನೆಯ ಸೋಬಾನೆ ಪದ. ಅವನ್ನು ಒಂದೊಂದಾಗಿ ಕಂಪ್ಯೂಟರ್‌ಗೆ ಇಳಿಸುತ್ತಿದ್ದೇನೆ. ಟೇಪಿನ ಗೊರಗೊರ ಸದ್ದಿನ ಅಡಿಯಲ್ಲಿ ಹುದುಗಿರುವ ಮಾತು ಕೇಳಿಸಬೇಕಾದರೆ ಒಳ್ಳೆಯ ಹೆಡ್‌ಫೋನ್ ಬೇಕು. ಅದಕ್ಕಾಗಿಯೇ 250 ಓಮ್‌ನ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆಯೇ ಓಮ್) ಹೆಡ್‌ಫೋನ್ ಒಂದನ್ನೂ ಹೆಡ್‌ಫೋನ್ ಆಂಪ್ಲಿಫೈಯರ್ ಇರುವ ಸೌಂಡ್ ಕಾರ್ಡ್ ಒಂದನ್ನೂ ಕೊಂಡೆ.

ಕಾರ್ಡಿನ ಸಾಫ್ಟ್‌ವೇರ್‌ನಲ್ಲಿ ಗೇನ್‌ಗೆ, ಅಂದರೆ ಧ್ವನಿಯನ್ನು ಎಷ್ಟು ಪಟ್ಟು ಹಿಗ್ಗಿಸಬೇಕು ಎನ್ನುವುದಕ್ಕೆ, ಕಡಿಮೆ, ಹೆಚ್ಚು ಎಂದು ಎರಡು ಹಂತಗಳಿವೆ. ಹಳೆಯ ಟೇಪುಗಳ ಧ್ವನಿ ಬಹಳ ಕ್ಷೀಣ. ಹಾಗಾಗಿ ಗೇನ್ ಹೆಚ್ಚಿನ ಹಂತದಲ್ಲಿ, ವಾಲ್ಯೂಮ್ ನೂರರಲ್ಲಿ ಇರುತ್ತಿತ್ತು. ಒಂದು ಸಂಜೆ ಕೆಲಸ ಮುಗಿಸಿ, ಭಾರದ ಹೆಡ್‌ಫೋನ್ ತೆಗೆದು, ಪಕ್ಕದಲ್ಲಿದ್ದ ಹಗುರವಾದ 32 ಓಮ್‌ನದನ್ನು ಅದೇ ಜ್ಯಾಕ್‌ಗೆ ಚುಚ್ಚಿ ಹೊಸ ಹಾಡೊಂದನ್ನು ಹಾಕಿದೆ. ಎರಡು ಸೆಕೆಂಡು ಕೂಡ ಆಗಿರಲಿಲ್ಲ, ಕಿತ್ತು ಎಸೆದೆ. ಎಡಬದಿಯ ಡ್ರೈವರ್, ಅಂದರೆ ಸದ್ದು ಹೊರಡಿಸುವ ಪುಟ್ಟ ಸ್ಪೀಕರ್, ಅಂದಿನಿಂದ ತಗ್ಗು ಸ್ವರ ಬಂದಾಗೆಲ್ಲ ಹರಿದ ತಮಟೆಯಂತೆ ಬಡಿದುಕೊಳ್ಳುತ್ತದೆ. ನನ್ನ ಎಡಗಿವಿಯಲ್ಲಿ ಮೂರು ದಿನ ಸಣ್ಣ ಸೀಟಿಯಂಥ ಸದ್ದು ಇತ್ತು. ಕಿವಿ ವೈದ್ಯರಲ್ಲಿ ಪರೀಕ್ಷೆ ಮಾಡಿಸಿದೆ. ಶ್ರವಣ ಉಳಿದಿತ್ತು. ಆ ಮೂರು ರಾತ್ರಿಗಳ ಭಯವನ್ನು ಮರೆಯಲಾರೆ.

ನಾನು ಓಮ್ ಗೊತ್ತಿಲ್ಲದವನಲ್ಲ. ಅಪ್ಪನ ಅಂಗಡಿಯಲ್ಲಿ ನಾನು ಮೊದಲು ಕಲಿತ ಪಾಠವೇ ಓಮ್. ವಾಲ್ವ್ ಆಂಪ್ಲಿಫೈಯರ್‌ನ ಹಿಂದೆ 4, 8, 16 ಎಂದು ಬರೆದಿರುತ್ತಿತ್ತು. ಎಷ್ಟು ಹಾರ್ನ್ ಕಟ್ಟುತ್ತೇವೆ, ಸಾಲಾಗಿ ಜೋಡಿಸುತ್ತೇವೋ ಸಮಾನಾಂತರವಾಗಿಯೋ ಎಂದು ಲೆಕ್ಕ ಹಾಕಿ ಅದೇ ಓಮ್‌ನ ತುದಿಗೆ ತಂತಿ ಕೊಡಬೇಕಿತ್ತು. ಅದು ಸರಿಯಾದ ಪಾಠವೇ, ಏಕೆಂದರೆ ಆ ಯಂತ್ರದೊಳಗೆ ವಾಲ್ವ್‌ಗಳನ್ನು ಹಾರ್ನ್‌ನ ಓಮ್‌ಗೆ ಹೊಂದಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇತ್ತು. ಆದರೆ ಇಂದಿನ ಸೌಂಡ್ ಕಾರ್ಡಿನೊಳಗೆ ಅಂಥದ್ದೇನೂ ಇಲ್ಲ. ಅದು ಇಂತಿಷ್ಟು ವೋಲ್ಟ್ ಕೊಡುತ್ತದೆ. ಆ ವೋಲ್ಟಿಗೆ ಎಷ್ಟು ವಿದ್ಯುತ್ ಎಳೆದುಕೊಳ್ಳಬೇಕು ಎನ್ನುವುದನ್ನು ಹೆಡ್‌ಫೋನ್ ನಿರ್ಧರಿಸುತ್ತದೆ. ಓಮ್ ಕಡಿಮೆಯಾದಷ್ಟೂ ಹೆಚ್ಚು ಎಳೆಯುತ್ತದೆ. ಓಮ್‌ಗೆ ಓಮ್ ಸಮ ಮಾಡಬೇಕು ಎಂಬ ಹಳೆಯ ಮಾತು ಇಲ್ಲಿ ನಡೆಯುವುದಿಲ್ಲ.

ಹೆಡ್‌ಫೋನ್‌ನ ಪೆಟ್ಟಿಗೆಯ ಮೇಲೆ ಓಮ್‌ನ ಜೊತೆಗೆ ಇನ್ನೊಂದು ಅಂಕಿ ಇರುತ್ತದೆ. ಅದು ಸೆನ್ಸಿಟಿವಿಟಿ. ಜನ ಅದನ್ನು ಓದುವುದೇ ಇಲ್ಲ, ಆಗ ನಾನೂ ಓದಿರಲಿಲ್ಲ. ಒಂದು ಮಿಲಿವ್ಯಾಟ್ ಕೊಟ್ಟರೆ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎನ್ನುವ ಲೆಕ್ಕ ಅದು. ಕೆಲವು ತಯಾರಕರು ಒಂದು ಮಿಲಿವ್ಯಾಟ್‌ಗೆ ಬದಲಾಗಿ ಒಂದು ವೋಲ್ಟ್‌ಗೆ ಎಷ್ಟು ಎಂದು ಬರೆಯುತ್ತಾರೆ. ಅಲ್ಲಿ ಎಚ್ಚರ ಬೇಕು. ಸೆನ್‌ಹೈಸರ್ ಎಚ್‌ಡಿ 650ರ 103 ಡೆಸಿಬೆಲ್ ಒಂದು ವೋಲ್ಟಿನ ಲೆಕ್ಕ. ಅದು 300 ಓಮ್‌ನದಾದ್ದರಿಂದ ಒಂದು ಮಿಲಿವ್ಯಾಟ್‌ಗೆ ಸುಮಾರು 98 ಮಾತ್ರ. ಬೈಯರ್‌ಡೈನಾಮಿಕ್ ಡಿಟಿ 770 ಪ್ರೊ ಒಂದೇ ಹೆಸರಿನಲ್ಲಿ 32, 80, 250 ಓಮ್‌ಗಳಲ್ಲಿ ಬರುತ್ತದೆ. ಹೆಸರು ನೋಡಿ ಕೊಂಡರೆ ಸಾಲದು.

ಲೆಕ್ಕ ಕಷ್ಟದ್ದಲ್ಲ. ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ ಓಮ್‌ನಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. ಶಕ್ತಿ ಹತ್ತು ಪಟ್ಟಾದರೆ ಸದ್ದು 10 ಡೆಸಿಬೆಲ್ ಏರುತ್ತದೆ. ನಾಟಕದ ಅಬ್ಬರದ ಕ್ಷಣಕ್ಕೂ 110 ಡೆಸಿಬೆಲ್ ಮೀರಿ ಬೇಕಾಗುವುದಿಲ್ಲ ಎಂದು ನಾನು ಮಿತಿ ಹಾಕಿಕೊಂಡೆ. ನನ್ನ 250 ಓಮ್‌ನ ಹೆಡ್‌ಫೋನ್‌ನ ಸೆನ್ಸಿಟಿವಿಟಿ 96. ಅದಕ್ಕೆ 110 ಮುಟ್ಟಲು 25 ಮಿಲಿವ್ಯಾಟ್, ಅಂದರೆ 2.5 ವೋಲ್ಟ್ ಬೇಕು. 32 ಓಮ್‌ನದರ ಸೆನ್ಸಿಟಿವಿಟಿ 102. ಅದಕ್ಕೆ 0.45 ವೋಲ್ಟ್ ಸಾಕು! ಎರಡನ್ನೂ ಒಂದೇ ಜ್ಯಾಕ್‌ಗೆ ಚುಚ್ಚಿದ್ದೆ.

ಕಾರ್ಡ್ ಎಷ್ಟು ವೋಲ್ಟ್ ಕೊಡುತ್ತದೆ ಎಂದು ಅಳೆಯಲು ಒಂದು ಸ್ಟೀರಿಯೊ ಪಿನ್ ತಂದು ಅದರ ತುದಿಗೂ ಬುಡಕ್ಕೂ ತಂತಿ ಬೆಸೆದೆ. ಧ್ವನಿ ತಿದ್ದುವ ಸಾಫ್ಟ್‌ವೇರ್ ಆದ ಆಡಾಸಿಟಿಯಲ್ಲಿ 50 ಹರ್ಟ್ಜ್‌ನ ಒಂದೇ ಸಮನಾದ ಸ್ವರವನ್ನು ಪೂರ್ಣ ಮಟ್ಟದಲ್ಲಿ ತಯಾರಿಸಿದೆ. 50 ಹರ್ಟ್ಜ್ ಏಕೆಂದರೆ ಮನೆಯ ಕರೆಂಟಿನ ಆವರ್ತನವೂ ಅದೇ, ಅಗ್ಗದ ಮಲ್ಟಿಮೀಟರ್ ಅಲ್ಲಿ ನಂಬಿಕೆಗೆ ಅರ್ಹ. ಸಾವಿರ ಹರ್ಟ್ಜ್‌ಗೆ ಹೋದರೆ ಕೆಲವು ಮೀಟರ್‌ಗಳು ಕಡಿಮೆ ತೋರಿಸುತ್ತವೆ. ಹೆಡ್‌ಫೋನ್ ತೆಗೆದಿಟ್ಟು, ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ, ವಾಲ್ಯೂಮ್ ನೂರಕ್ಕೆ ಏರಿಸಿದೆ. ಕಡಿಮೆ ಗೇನ್‌ನಲ್ಲಿ 0.90 ವೋಲ್ಟ್, ಹೆಚ್ಚಿನದರಲ್ಲಿ 3.6 ವೋಲ್ಟ್. ನಾಲ್ಕು ಪಟ್ಟು, ಅಂದರೆ 12 ಡೆಸಿಬೆಲ್‌ನ ಅಂತರ.

ಆಮೇಲೆ ಕಡಿಮೆ ಗೇನ್‌ನಲ್ಲಿಯೇ ಅದೇ ತಂತಿಗಳ ನಡುವೆ 33 ಓಮ್‌ನ ರೆಸಿಸ್ಟರ್ ಒಂದನ್ನು ಕಟ್ಟಿದೆ. 0.90 ಇದ್ದದ್ದು 0.69ಕ್ಕೆ ಇಳಿಯಿತು. ಕಳೆದುಹೋದ ವೋಲ್ಟ್ ಕಾರ್ಡಿನೊಳಗಿನ ತಡೆಯಲ್ಲಿ ಉಳಿದಿದೆ. ಮೊದಲ ಅಂಕಿಯನ್ನು ಎರಡನೆಯದರಿಂದ ಭಾಗಿಸಿ, ಒಂದು ಕಳೆದು, 33ರಿಂದ ಗುಣಿಸಿದರೆ 10 ಓಮ್. ಇದೇ ಕಾರ್ಡಿನ ಔಟ್‌ಪುಟ್ ಇಂಪೀಡೆನ್ಸ್. ಹೆಡ್‌ಫೋನ್‌ನ ಓಮ್ ಇದರ ಎಂಟು ಪಟ್ಟಾದರೂ ಇರಬೇಕು ಎನ್ನುವುದು ರೂಢಿಯ ನಿಯಮ. ಇಲ್ಲದಿದ್ದರೆ ಅನೇಕ ಹೆಡ್‌ಫೋನ್‌ಗಳಲ್ಲಿ ತಗ್ಗು ಸ್ವರ ಊದಿಕೊಂಡು ಮಾತು ಮಸುಕಾಗುತ್ತದೆ. 250 ಓಮ್‌ಗೆ ತೊಂದರೆಯಿಲ್ಲ. 32ಕ್ಕೆ ಈ ಜ್ಯಾಕ್ ಹೊಂದುವುದೇ ಇಲ್ಲ. ಆ ಸಂಜೆಯ ಲೆಕ್ಕವೂ ಈಗ ಸಿಕ್ಕಿತು: ಹೆಚ್ಚಿನ ಗೇನ್‌ನ 3.6 ವೋಲ್ಟಿನಲ್ಲಿ ಕಾರ್ಡಿನ 10 ಓಮ್‌ನ ಪಾಲು ಕಳೆದ ಮೇಲೂ ಡ್ರೈವರ್‌ನೊಳಗಿನ 32 ಓಮ್‌ನ ತಂತಿ ಸುರುಳಿಗೆ ಸುಮಾರು 235 ಮಿಲಿವ್ಯಾಟ್ ಹೋಗಬಲ್ಲದು, ಅಂದರೆ 125 ಡೆಸಿಬೆಲ್‌ಗೂ ಮೇಲೆ. ಹಾಡಿನ ಸರಾಸರಿ ಮಟ್ಟ ಅದಕ್ಕಿಂತ ಕೆಳಗೇ ಇರುತ್ತದೆ ನಿಜ, ಆದರೆ ಡ್ರೈವರ್ ಹರಿಯಲು ಒಂದೆರಡು ಏಟು ಸಾಕು.

ಇನ್ನೊಂದು ಅಳತೆಯನ್ನು ಯಾರೂ ಬಿಡಬಾರದು. ಯಾವ ಸದ್ದೂ ನುಡಿಸದೆ ಮೀಟರನ್ನು ಡಿಸಿಗೆ, ಅಂದರೆ ಒಂದೇ ದಿಕ್ಕಿನ ವಿದ್ಯುತ್ತಿಗೆ, ತಿರುಗಿಸಿ ನೋಡಬೇಕು. ನನ್ನದು 3 ಮಿಲಿವೋಲ್ಟ್ ತೋರಿಸಿತು, ಅದು ಏನೂ ಅಲ್ಲ. ನೂರಾರು ಮಿಲಿವೋಲ್ಟ್ ಕಂಡರೆ ಅದು ಸುರುಳಿಯನ್ನು ಸದ್ದಿಲ್ಲದೆ ಬಿಸಿ ಮಾಡುತ್ತಿರುತ್ತದೆ. ಅಂಥ ಜ್ಯಾಕ್‌ಗೆ ಹೆಡ್‌ಫೋನ್ ಚುಚ್ಚಬಾರದು. ಕರೆಂಟ್ ಹೋಗಿ ಬಂದಾಗ, ಕಂಪ್ಯೂಟರ್ ಆನ್ ಆಗುವಾಗ ಜ್ಯಾಕ್‌ನಲ್ಲಿ 'ದಪ್' ಎಂಬ ಏಟೂ ಬರುತ್ತದೆ. ಕಂಪ್ಯೂಟರ್ ಪೂರ್ತಿ ಎದ್ದ ಮೇಲೆಯೇ ಪಿನ್ ಹಾಕುತ್ತೇನೆ.

ಹೊಸದಾಗಿ ತಂದ 32 ಓಮ್‌ನ ಹೆಡ್‌ಫೋನ್‌ಗೆ ಈಗ ತನ್ನದೇ ಹೆಡ್‌ಫೋನ್ ಜ್ಯಾಕ್ ಇರುವ ಒಂದು ಸಣ್ಣ ಯುಎಸ್‌ಬಿ ಡಾಂಗಲ್ ಇದೆ. ಅದರ ಔಟ್‌ಪುಟ್ ಇಂಪೀಡೆನ್ಸನ್ನೂ ಹೀಗೆಯೇ ಅಳೆದೆ, ಒಂದು ಓಮ್‌ಗಿಂತ ಕಡಿಮೆ ಬಂತು. ಸೌಂಡ್ ಕಾರ್ಡಿನ ಜ್ಯಾಕ್ 250 ಓಮ್‌ನದಕ್ಕೆ ಮಾತ್ರ. ಟೇಪ್ ಕ್ಷೀಣವಾಗಿದ್ದರೆ ಮೊದಲು ಆಡಾಸಿಟಿಯಲ್ಲಿ ಕಡತದ ಮಟ್ಟವನ್ನೇ ಏರಿಸಿಕೊಳ್ಳುತ್ತೇನೆ. ಗೇನ್ ಹೆಚ್ಚಿಸುವುದು ಕೊನೆಯ ಮಾತು. ಕೆಲಸದ ಸಮಯಕ್ಕೂ ಮಿತಿ ಇದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಮೂರು ಡೆಸಿಬೆಲ್ ಏರಿದರೆ ಸಮಯ ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10.

ಕಳೆದ ವಾರ ಅಕ್ಕನ ಮಗಳು ಬಂದವಳು ತನ್ನ 16 ಓಮ್‌ನ ಇಯರ್‌ಫೋನ್ ಹಿಡಿದು ನೇರವಾಗಿ ಕಾರ್ಡಿನ ಜ್ಯಾಕ್‌ನತ್ತ ಕೈ ಚಾಚಿದಳು. ತಡೆದೆ.

"ಯಾಕೆ ಮಾವ, ಪಿನ್ ಹಿಡಿಸುತ್ತದಲ್ಲ?"

"ಪಿನ್ ಎಲ್ಲದಕ್ಕೂ ಹಿಡಿಸುತ್ತದೆ. ಮೊದಲು ಪೆಟ್ಟಿಗೆ ತಾ, ಅದರ ಮೇಲಿನ ಡೆಸಿಬೆಲ್ ಓದೋಣ."

ಪೆಟ್ಟಿಗೆ ಎಸೆದಿದ್ದಳು. ಡಾಂಗಲ್‌ಗೆ ಹಾಕಿ, ವಾಲ್ಯೂಮ್ ಸೊನ್ನೆಗೆ ಇಳಿಸಿ, ಕಿವಿಯಿಂದ ಒಂದು ಗೇಣು ದೂರ ಹಿಡಿದು ಮೆಲ್ಲನೆ ಏರಿಸಲು ಹೇಳಿದೆ. ವಾಲ್ಯೂಮ್ ಹನ್ನೆರಡಕ್ಕೆ ಬಂದಾಗ ಅವಳಜ್ಜ ಟೇಪಿನೊಳಗಿಂದ ಮೈಕ್ ತಟ್ಟಿ "ಹಲೋ, ಹಲೋ" ಎಂದದ್ದು ಸಣ್ಣಗೆ ಕೇಳಿಸಿತು. ಅಲ್ಲಿಗೇ ನಿಲ್ಲಿಸಿ ಕಿವಿಗೆ ಹಾಕಿಕೊಂಡಳು.